ಕೆಂಪು ಉಣ್ಣೆಯ ಗಂಟುಗಳನ್ನು ಕತ್ತರಿಸಿದವರಿಗೆ

ಸ್ವಾತಂತ್ರ್ಯ ಸಮರ ಸ್ಮಾರಕ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಾಡಿದ್ದು ಬೆಳಿಗ್ಗೆ ನೀವು ನಮ್ಮೂರ ಶಾಲೆಯ ಅರವತ್ತು ಮಕ್ಕಳನ್ನು ನೆಲಬಾಂಬ್ ಹೂತಿರುವ ಇಳಿಜಾರಿನಲ್ಲಿ ಮೆರವಣಿಗೆ ನಡೆಸಲಿದ್ದೀರಿ. ಬಾವುಟ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವವಳು ನನ್ನ ಮೊಮ್ಮಗಳು ಜುಲೈಖಾ.

ಅಲ್ಜೀರಿಯಾದ ಪ್ರಮುಖ ಕದನಗಳ ಪಟ್ಟಿಯಲ್ಲಿ ನಮ್ಮ ಗುಡ್ಡಕ್ಕೂ ಜಾಗ ಕೊಟ್ಟಿರಿ, ಸಂತೋಷ. ಗುಡ್ಡದ ಆಚೆ ಬದಿಯ ರಸ್ತೆಯಿಂದ ಲಾರಿಯಲ್ಲಿ ತಂದು ತುದಿಯಲ್ಲಿ ಅಮೃತಶಿಲೆಯ ಫಲಕ ನೆಟ್ಟು ‘ಕದನ ಮೂರು ದಿನ ನಡೆಯಿತು’ ಎಂದು ಕೆತ್ತಿಸಿದಿರಿ. ಸಾವಿರದ ಒಂಬೈನೂರ ಐವತ್ತೆಂಟರ ಆ ಮೂರು ದಿನವೂ ನಾನು ಅಲ್ಲಿದ್ದೆ. ಟ್ಯುನೀಸಿಯಾ ಕಡೆಯಿಂದ ಬಂದೂಕು ಹೊತ್ತು ಬಂದವರಿಗೆ ಫ್ರೆಂಚರ ವಿದ್ಯುತ್ ಬೇಲಿ ದಾಟಿಸುವುದು ನನ್ನ ಕೆಲಸವಾಗಿತ್ತು. ನಾಲ್ಕು ವರ್ಷದ ಮೇಲೆ ಫ್ರೆಂಚರು ಗಂಟುಮೂಟೆ ಕಟ್ಟಿದರು. ಹೂತದ್ದನ್ನು ಮಾತ್ರ ಒಯ್ಯಲಿಲ್ಲ. ನಮ್ಮ ಬಾವುಟ ಏರಿದ ಬೇಸಿಗೆಯಲ್ಲೇ ನನ್ನ ತಮ್ಮ ಸಯೀದ್ ತಪ್ಪಿಸಿಕೊಂಡ ಮೇಕೆಯ ಹಿಂದೆ ಆ ಇಳಿಜಾರಿಗೆ ಹೋದ. ಮೇಕೆ ಮನೆಗೆ ಬಂತು. ಅವನ ನಂತರ ಇನ್ನೂ ಮೂವರು. ಇವರ ಹೆಸರು ಫಲಕದಲ್ಲಿಲ್ಲ. ಕದನ ಮುಗಿದಿದೆ ಎಂದು ಸರ್ಕಾರ ಹೇಳಿದ ಮೇಲೂ ಸಾಯುವುದು ಅಶಿಸ್ತಲ್ಲವೇ?

ಸಯೀದನ ಹೆಂಡತಿ ಮೆಬ್ರೂಕಾ ಕಂಬಳಿ ನೇಯುವವಳು. ಗಂಡನನ್ನು ಮಣ್ಣು ಮಾಡಿದ ಮರುದಿನವೇ ಆ ಜಾಗದ ಈಚೆ ಬದಿಯ ಪೊದೆಗೆ ಕೆಂಪು ಉಣ್ಣೆಯ ಎಳೆ ಕಟ್ಟಿದಳು. ಆಮೇಲೆ ಎಲ್ಲಿ ಕುರಿ ಸತ್ತರೂ, ಮಳೆ ತೊಳೆದು ಎಲ್ಲಿ ತಗಡು ಹೊಳೆದರೂ ಅಲ್ಲೊಂದು ಗಂಟು. ಗಂಟಿನಾಚೆ ಕಾಲಿಡಬಾರದು: ನಮ್ಮ ಮಕ್ಕಳು ಅಕ್ಷರಕ್ಕೆ ಮೊದಲು ಕಲಿಯುವುದು ಇದನ್ನು.

ಕಳೆದ ವಾರ ದಾರಿ ಚೊಕ್ಕಟ ಮಾಡಲು ನಿಮ್ಮ ಮೇಲ್ವಿಚಾರಕರು ಬಂದರು. ಸಂತರ ಗೋರಿಯ ಬಳಿ ಹೆಂಗಸರು ಹರಕೆಗೆ ಚಿಂದಿ ಕಟ್ಟುವುದನ್ನು ಕಂಡಿದ್ದರು. ಇದೂ ಅದೇ ಎಂದುಕೊಂಡರು. ಕತ್ತರಿ ಹಿಡಿದ ಆಳುಗಳ ಮುಂದೆ ಮೆಬ್ರೂಕಾ ಹೋಗಿ ನಿಂತಳು. ಮೇಲ್ವಿಚಾರಕರು ಕೇಳಿದರು:

"ಯಾವ ಸಂತಂಗೆ ಅಜ್ಜಿ ಇಷ್ಟೊಂದು ಹರಕೆ? ಮದುವೆ ಗಿದುವೆ ಆಗ್ಬೇಕಾ?"

"ಹರಕೆ ಅಲ್ಲ ಕಣಪ್ಪಾ. ಕೆಳಗೆ ಬಾಂಬ್ ಅದೆ."

"ದೇಶ ಮುಂದೆ ಹೋಗ್ತಿದೆ ಅಜ್ಜಿ, ನೀವಿನ್ನೂ ದಾರ ಕಟ್ಕೊಂಡು ಕೂತಿದ್ದೀರಿ!"

"ಮುಂದೆ ಹೋಗಲಿ ಮಗಾ. ಈ ಕಡೆಯಿಂದ ಮಾತ್ರ ಬೇಡ."

ಆಳುಗಳು ನಕ್ಕರು. ಎಪ್ಪತ್ತೊಂದು ಗಂಟು ಕತ್ತರಿಸಿ ಸುಟ್ಟರು. ದೂರು ಕೊಡಲು ಹೋದ ನನಗೆ ನಿಮ್ಮ ಕಚೇರಿಯಲ್ಲಿ ಸಿಕ್ಕ ಉತ್ತರ: "ಅಷ್ಟೂ ಪೊದೆ ಹತ್ರ ಓಡಾಡಿದ್ವಲ್ಲ ಯಜಮಾನ್ರೇ, ಒಬ್ಬರಿಗಾದ್ರೂ ಏನಾದ್ರೂ ಆಯ್ತಾ?"

ಆಗಲಿಲ್ಲ, ನಿಜ. ಯಾಕೆಂದರೆ ಮೆಬ್ರೂಕಾ ಗಂಟು ಕಟ್ಟುತ್ತಿದ್ದದ್ದು ಊರಿನ ಕಡೆ ನಿಂತು, ಕಾಲಿಡಬಹುದಾದ ಕೊನೆಯ ಜಾಗದಲ್ಲಿ. ನಿಮ್ಮವರೂ ಅಲ್ಲೇ ನಿಂತು ಕತ್ತರಿಸಿದರು. ಅವಳ ಎಚ್ಚರ ಅವರ ಜೀವ ಕಾಯಿತು. ಅವರು ಬದುಕಿದ್ದನ್ನೇ ಸಾಕ್ಷಿ ಮಾಡಿ ನೀವು ಅವಳನ್ನು ಮೂಢನಂಬಿಕೆಯವಳೆಂದಿರಿ. ಬಾವಿಯ ಕಟ್ಟೆಯ ಮೇಲೆ ಕೂತು ಎದ್ದುಬಂದವನು ಬಾವಿಯಲ್ಲಿ ನೀರಿಲ್ಲ ಎನ್ನಬಹುದೇ? ಈಗ ನಿಮ್ಮ ಸುಣ್ಣದ ಗೆರೆ ಆ ಪೊದೆಗಳವರೆಗೆ ಬಂದು ನಿಂತಿದೆ; ಮಕ್ಕಳು ಅಲ್ಲಿಂದ ಪೊದೆ ದಾಟಿ ನೇರ ಫಲಕಕ್ಕೆ ಹತ್ತಬೇಕಂತೆ. ಮೊನ್ನೆ ಈ ವರ್ಷದ ಮೊದಲ ಮಳೆಯೂ ಬಿತ್ತು. ಮಣ್ಣು ಜಾರಿದೆ. ಮಣ್ಣಿನ ಜೊತೆ ಏನೇನು ಎಲ್ಲೆಲ್ಲಿಗೆ ಜಾರಿದೆಯೋ, ಹೇಳಬಲ್ಲವರು ಯಾರೂ ಇಲ್ಲ.

ಮೆರವಣಿಗೆ ನಿಲ್ಲಿಸಿ. ಬಾಂಬ್ ತೆಗೆಯಬಲ್ಲ ಸೈನಿಕರನ್ನು ಕಳಿಸಿ. ಅವರು ಬರುವವರೆಗೆ ಒಂದು ಮಗುವೂ ಆ ಗೆರೆ ದಾಟಕೂಡದು. ಇಲ್ಲವಾದರೆ ನಾಡಿದ್ದು ಊರಿನ ಮುದುಕರೆಲ್ಲ ಗೆರೆಗೆ ಅಡ್ಡ ಮಲಗಿರುತ್ತೇವೆ. ಫಲಕ ನೋಡಬೇಕೆಂದರೆ ನೀವು ನಮ್ಮನ್ನು ದಾಟಿ ಮೊದಲು ನಡೆಯಿರಿ.

ಇಂದು ಬೆಳಿಗ್ಗೆ ಪತ್ರ ಬರೆಯಲು ಕೂತಾಗ ಮೆಬ್ರೂಕಾ ಉಣ್ಣೆಯ ಉಂಡೆ ಹೊದಿಕೆಯ ತುದಿಗೆ ಕಟ್ಟಿಕೊಂಡು ಬಂದಳು. "ಬರೀರಿ ಭಾವಾ, ಚೆಂದಾಗಿ ಬರೀರಿ. ಅವರು ಓದೋದ್ರೊಳಗೆ ನಾನು ಕಟ್ಕೊಂಡು ಬರ್ತೀನಿ." ಜೊತೆಗೆ ಯಾರನ್ನೂ ಬಿಡಲಿಲ್ಲ. ಇಲ್ಲಿಂದ ಕಾಣುವಂತೆ ಹದಿನಾಲ್ಕು ಪೊದೆ ಕೆಂಪಾಗಿವೆ. ಹದಿನೈದನೆಯದರ ಕಡೆ ಬಗ್ಗಿ ನಡೆಯುತ್ತಿದ್ದಾಳೆ. ಊರೆಲ್ಲ ಬಾಗಿಲಿಗೆ ಬಂದು ನಿಂತಿದೆ.

ಇಂತಿ,
ಹದಿನಾರು ವರ್ಷದ ಹಿಂದೆ ಆ ಗುಡ್ಡದಲ್ಲಿ ದಾರಿ ತೋರಿಸುತ್ತಿದ್ದವನು, ಇಂದು ಅಂಗಳದಿಂದ ನೋಡುತ್ತಿರುವವನು,
ಲಖ್ದರ್