ಎರಡು ಹಾಡು ಸಾಕೆಂದ ಅಪ್ಪಾಜಿಗೆ

ಸೊಲ್ಲಾಪುರ
೧೬-೭-೧೯೭೪

ತೀರ್ಥರೂಪ ಅಪ್ಪಾಜಿಯವರಿಗೆ ಮಹಾನಂದಾಳ ನಮಸ್ಕಾರ.

“ಕನ್ಯಾ ನೋಡಾಕ ಬಂದವರ ಮುಂದ ಹಾಡಾಕ ಎರಡು ಹಾಡು ಕಲಿಸ್ರಿ, ಸಾಕು” ಎಂದು ನೀವು ಸಂಗೀತದ ಮಾಸ್ತರರಿಗೆ ಹೇಳಿದ್ದಿರಿ. ಎರಡೂ ಬಾಯಿಪಾಠವಾದವು. ಕಳೆದ ತಿಂಗಳು ಅವನ್ನು ಬಿಟ್ಟು, ಮೊದಲಿನಿಂದ ಕಲಿಸಿರೆಂದು ನಾನೇ ಕೇಳಿದೆ.

“ಹದಿನೇಳು ವರ್ಷಕ್ಕ ಭಾಳ ತಡಾ ಆತಲ್ಲವ್ವಾ” ಎಂದರು ಮಾಸ್ತರರು.

“ಹಂಗಾದ್ರ ಇವತ್ತ ಸುರು ಮಾಡ್ರಿ” ಎಂದೆ.

ಈಗ ದಿನಾ ಬೆಳಿಗ್ಗೆ ಎರಡು ತಾಸು ಬರೀ ‘ಸಾ’ ಹಿಡಿಯುತ್ತೇನೆ. ವರ್ಷವಿಡೀ ಇಷ್ಟೇ ಅಂತೆ.

ರವಿವಾರ ನೀವು ವಳಸಂಗದ ಬೀಗರನ್ನು ಕನ್ಯಾ ನೋಡಲು ಇಲ್ಲಿಗೆ ಕರೆತರುವಿರೆಂದು ಸೋದರತ್ತೆ ಹೇಳಿದಳು. ಬರಲಿ. ಚಹಾ ಕೊಡುತ್ತೇನೆ. ಹಾಡೆಂದು ಹೇಳಿದರೆ ‘ಸಾ’ ಹಿಡಿದು ಕೂಡುತ್ತೇನೆ, ಅವರು ಎದ್ದು ಹೋಗುವವರೆಗೂ.

ಬರುವಾಗ ಅಟ್ಟದ ಮೇಲಿನ ಅಜ್ಜಿಯ ತಂಬೂರಿ ತನ್ನಿರಿ. ಬೀಗರ ಮುಂದೆ ನನ್ನ ಸ್ವರ ಅಲುಗಾಡಬಾರದು.

ನಿಮ್ಮ ಮಗಳು,
ಮಹಾನಂದಾ