ಎಲ್ಲಕ್ಕೂ ಒಂದೇ ಕೆಂಪು

ನವೆಂಬರ್ ೧೪, ಗುರುವಾರ

ಆ ನರ್ಸಮ್ಮನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಆಸ್ಪತ್ರೆಯ ಅವರ ವಾರ್ಡಿನ ಗೋಡೆಯ ಮೇಲಿರುವುದು ರೋಗಿಗಳ ಸ್ಥಿತಿ ತೋರಿಸುವ ನಮ್ಮ ಕಂಪನಿಯ ಪರದೆ. ಅದರ ಎಚ್ಚರಿಕೆಗಳನ್ನು ವಿನ್ಯಾಸ ಮಾಡಿದವಳು ನಾನು. ಪ್ರಿಂಟರಿನಲ್ಲಿ ಕಾಗದ ಮುಗಿದರೂ ಕೆಂಪು, ರೋಗಿಯ ಉಸಿರು ನಿಂತರೂ ಅದೇ ಕೆಂಪು, ಅದೇ ಗಂಟೆ. ಹೀಗೆ ಬೇಡವೆಂದು ಎಷ್ಟು ಬಡಿದುಕೊಂಡರೂ ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ಆ ವಾರ್ಡಿನಲ್ಲಿ ಒಬ್ಬ ಮೇಷ್ಟ್ರು ತೀರಿಕೊಂಡರು. ಪರದೆ ಕೆಂಪಾಗಿತ್ತು, ಆದರೆ ನರ್ಸಮ್ಮ ಗಂಟೆಯ ಸದ್ದು ನಿಲ್ಲಿಸಿದ್ದರು. ಈಗ ಅವರನ್ನು ಅಮಾನತು ಮಾಡಿದ್ದಾರೆ.

ಇವತ್ತು ವಿಚಾರಣೆಗೆ ನಮ್ಮನ್ನೂ ಕರೆದಿದ್ದರು. ಹೊರಗೆ ಬೆಂಚಿನ ಮೇಲೆ ನರ್ಸಮ್ಮನ ಪಕ್ಕ ಕೂತೆ.

"ದಿನವಿಡೀ ಬಡ್ಕೋತಾನೇ ಇರುತ್ತೆ ಕಣಮ್ಮ. ಎದ್ದೂಬಿದ್ದೂ ಓಡಿದ್ರೆ ಅಲ್ಲಿ ಏನೂ ಇರಲ್ಲ. ಪಾಪ, ಮೇಷ್ಟ್ರಿಗೆ ಕಣ್ಣು ಹತ್ತುತ್ತಿರಲಿಲ್ಲ. 'ಅದರ ಬಾಯಿ ಮುಚ್ಚಿಸು ತಾಯಿ' ಅಂದ್ರು. ಮುಚ್ಚಿಸಿದೆ."

ಒಳಗೆ ಹೋಗಿ, "ತಪ್ಪು ಇವರದಲ್ಲ, ಪರದೆಯದು" ಎಂದೆ. ಮ್ಯಾನೇಜರ್ ನಡುವೆ ಬಾಯಿ ಹಾಕಿದರು: "ಇವಳೇ ಮಾಡಿದ ನಮ್ಮ ಸಿಸ್ಟಂ ಸರಿಯಾಗೇ ಎಚ್ಚರಿಸಿದೆ ಸಾರ್." ಎಲ್ಲರೂ ತಲೆಯಾಡಿಸಿದರು. ನರ್ಸಮ್ಮ ಮಾತ್ರ ನನ್ನ ಕಡೆ ತಿರುಗಿ ನೋಡಿದರು. ಆ ಪರದೆ ಮಾಡಿದವಳು ನಾನೇ ಎಂದು ಅವರಿಗೆ ಗೊತ್ತಾದದ್ದು ಆಗಲೇ.

ವಾಪಸ್ ಬರುವಾಗ ಕಾರಿನಲ್ಲಿ ಮ್ಯಾನೇಜರ್ ಹೇಳಿದರು: "ಸದ್ದು ನಿಲ್ಲಿಸೋ ಬಟನ್ನೇ ತೆಗೆದುಬಿಡು. ಗಂಟೆ ಇನ್ನೂ ಜೋರು ಮಾಡು. ನಾಳೆ ಸಂಜೆಯೊಳಗೆ ಆಗ್ಬೇಕು."

ನಾನು ಒಲ್ಲೆನೆಂದರೆ ಪಕ್ಕದ ಮೇಜಿನವನು ಮಾಡಿಕೊಡುತ್ತಾನೆ. ಆ ವಾರ್ಡಿನಲ್ಲಿ ಈಗ ಮಲಗಿರುವವರು ನಾಳೆಯಿಂದ ಯಾರನ್ನು ಕೇಳಿಕೊಂಡರೂ ಅದರ ಬಾಯಿ ಮುಚ್ಚಿಸಲು ಆಗುವುದಿಲ್ಲ.