ಬೆನ್ನಿಗೆ ಮಣ್ಣು ಹತ್ತದ ಭೂಪ

೧೨ ಡಿಸೆಂಬರ್ ೨೦೨೪, ಗುರುವಾರ. ಜಮಖಂಡಿ.

ಆ ಹುಡುಗಿಯ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ವಿಶ್ವವಿದ್ಯಾಲಯದ ಕುಸ್ತಿಯಲ್ಲಿ ಇಂದು ಸೆಮಿಫೈನಲ್ ಸೋತ ಅನುರಾಧಾ, ನಾಳೆಯ ಕಂಚಿನ ಪದಕದ ಕುಸ್ತಿಗೆ ಇಳಿಯುವುದೇ ಇಲ್ಲವೆಂದು ಚೀಲ ಕಟ್ಟಿದಳು.

"ನಮ್ಮ ಮುತ್ಯಾ ಒಮ್ಮಿನೂ ಸೋತಿಲ್ಲಂತ ನೀವ ಹೇಳ್ತಿದ್ರಲ್ಲರಿ ಮಾಸ್ತರ? ಅವನ ಹೆಸರ ಕೆಡಿಸಿಬಿಟ್ನಿ."

ಹೌದು, ಹೇಳಿದವನು ನಾನೇ! ನಲವತ್ತು ವರ್ಷ ಈ ಊರಿನ ಕಣಗಳಲ್ಲಿ ಮೈಕ್ ಹಿಡಿದು, "ಬೆನ್ನಿಗೆ ಮಣ್ಣು ಹತ್ತದ ಭೂಪ, ಪೈಲ್ವಾನ್ ಸಿದರಾಯ!" ಎಂದು ಗುಡುಗಿದ್ದೇನೆ. ನಾಟಕದಲ್ಲಿ ಭೀಮನಾಗಿ ಅಬ್ಬರಿಸಿದ ಗಂಟಲಿದು. ಸೋಲು ಹೇಳಲು ಒಪ್ಪುತ್ತಿರಲಿಲ್ಲ. ಸಿದರಾಯ ಮುಧೋಳದಲ್ಲಿ ಎರಡು ಸಲ, ಬನಹಟ್ಟಿಯಲ್ಲಿ ಒಮ್ಮೆ ಚಿತ್ ಆದದ್ದನ್ನು ಕಣ್ಣಾರೆ ಕಂಡವನೂ ನಾನೇ.

ಮೊಮ್ಮಗಳ ಪಕ್ಕದಲ್ಲೇ ಕುಳಿತಿದ್ದ ಸಿದರಾಯ ಎದ್ದು ನನ್ನನ್ನು ಆಚೆ ಕರೆದ. "ನಾನೂ ಸೋತೀನಿ ಅಂತ ನಾ ಹೇಳಿದ್ರ ಸಮಾಧಾನಕ್ಕ ಹೇಳ್ತಿ ಅಂತಾಳ. ನಾಟಕ ನೀ ಕಟ್ಟೀದಿ, ಪರದೆನೂ ನೀನ ಎಳಿಬೇಕಲೇ. ಆಕಿನ್ನ ಕರ್ಕೊಂಡ ಬರೂದು ನಂದು."

ಎಳೆಯುತ್ತೇನೆ. ನಾಳೆಯೂ ಮೈಕ್ ನನ್ನ ಕೈಯಲ್ಲೇ; ಅವಳ ಹೆಸರು ಕೂಗುವ ಮೊದಲು, ಅಷ್ಟೂ ಜನರೆದುರು, ಅಜ್ಜನ ಮೂರೂ ಸೋಲುಗಳನ್ನು ಹೇಳುತ್ತೇನೆ. ಪ್ರತಿ ಸೋಲಿನ ಮರುದಿನ ನಸುಕಿನಲ್ಲಿ ಗರಡಿಯ ಬಾಗಿಲು ತೆರೆದವನೂ ಅವನೇ ಎಂಬುದನ್ನೂ.

ಈಗಷ್ಟೇ ಹೇಳಿ ನೋಡಿದೆ: "ಸಿದರಾಯ ಸೋತಿದ್ದ." ದನಿ ಸಣ್ಣಗೆ ಬಂತು. ಇನ್ನೊಮ್ಮೆ ಹೇಳುತ್ತೇನೆ, ಕೊನೆಯ ಸಾಲಿನವರಿಗೂ ಕೇಳುವಂತೆ—